ಹೋಗದ ಊರಿನ ಸೂಟ್‌ಕೇಸು

"ಎರಡು ಕೈಯಲ್ಲೂ ಹಿಡ್ಕೊಳೇ, ತಲೆ ಮೇಲೆ ಬಿದ್ದೀತು!" ಎಂದು ಹನಿಯಾ ಕೆಳಗಿನಿಂದ ಕೂಗುವಷ್ಟರಲ್ಲಿ ಬತೂಲ್ ಬೀರುವಿನ ಮೇಲಿದ್ದ ಕೆಂಪು ಸೂಟ್‌ಕೇಸನ್ನು ಅರ್ಧ ಹೊರಗೆಳೆದಾಗಿತ್ತು. ಅವಳು ನಿಂತಿದ್ದ ಕುರ್ಚಿಯ ಒಂದು ಕಾಲು ಗಿಡ್ಡ. ಕುರ್ಚಿ ಕುಲುಕಿತು, ಸೂಟ್‌ಕೇಸು ಜಾರಿ ಎದೆಗೆ ಬಂತು. ನೋಡುವುದಕ್ಕೆ ದೊಡ್ಡದು, ಹಿಡಿದರೆ ಭಾರವೇ ಇಲ್ಲ.

"ಅದ್ರಲ್ಲೇ ಇಟ್ಟಿದೀನಿ ಅಂದಿದ್ಲು ಅಕ್ಕ," ಹನಿಯಾ ಮೂಗು ಒರೆಸಿಕೊಂಡಳು. "ಹನಿಯಾ, ನಾನು ಹೋದ ದಿನ ಕಫನ್ ಬಟ್ಟೆ ಹುಡುಕ್ತಾ ಮನೆಯೆಲ್ಲ ಜಾಲಾಡಬೇಡ, ಕೆಂಪು ಪೆಟ್ಟಿಗೇಲಿದೆ ಅಂತ. ಬಾಯಿ ಮುಚ್ಚು ಅಂತ ಬೈದಿದ್ದೆ ನಾನು. ಅಕ್ಕನಿಗೆ ಹಾಗನ್ನಬಾರದಿತ್ತು."

ಒಳಕೋಣೆಯಲ್ಲಿ ಮೈ ತೊಳೆಯುವ ಹೆಂಗಸರು ನೀರು ಹೊಯ್ಯುವುದನ್ನು ನಿಲ್ಲಿಸಿ ಕಾಯುತ್ತಿದ್ದರು. ಬತೂಲ್ ಸೂಟ್‌ಕೇಸನ್ನು ನೆಲಕ್ಕಿಟ್ಟಳು. ಅದರ ಗಾಲಿಗಳಿಗೆ ಅಂಗಡಿಯವರು ಸುತ್ತಿದ್ದ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು. ಹಿಡಿಯ ಬಳಿ ತೂಗುತ್ತಿದ್ದ ಚೀಟಿಯಲ್ಲಿ ಮಹಜೂಬಾ ಎಂಬ ಹೆಸರು, ಅಜೆಮ್ಮೂರ್ ಎಂಬ ಈ ಊರಿನ ಹೆಸರು, ಎರಡೂ ಪರದೇಶದವರ ಅಕ್ಷರದಲ್ಲಿ, ಒಂದೊಂದಾಗಿ ತಿದ್ದಿ ಬರೆದ ಹಾಗಿದ್ದವು.

ಜಿಪ್ಪು ಎಳೆದಾಗ ಕಿತ್ತಳೆ ಹೂವಿನ ನೀರಿನ ವಾಸನೆ ಬಂತು. ದಿಂಬಿನ ಚೀಲದಲ್ಲಿ ಮಡಿಸಿಟ್ಟ ಬಿಳಿ ಬಟ್ಟೆ ಮೇಲೆಯೇ ಇತ್ತು. ಅದರ ಕೆಳಗೆ ಕಡುನೀಲಿ ಮಳೆ ಕೋಟು. ಕೋಟಿನ ಕೆಳಗೆ ಕಂದು ಕಾಗದದ ಹೊದಿಕೆ ಹಾಕಿದ ಒಂದು ನೋಟ್‌ಬುಕ್ಕು.

"ಮಳೆ ಕೋಟು!" ಎಂದಳು ಹನಿಯಾ. "ವರ್ಷಕ್ಕೆ ನಾಲ್ಕು ಹನಿ ಬೀಳೋ ಊರಲ್ಲಿ ಇದನ್ನ ಹಾಕ್ಕೊಂಡು ಎಲ್ಲಿಗೆ ಹೋಗ್ಬೇಕು ಅಂತಿದ್ಲೋ ನಮ್ಮಕ್ಕ."

ಎಲ್ಲಿಗೆಂದು ಬತೂಲ್‌ಗೆ ಗೊತ್ತಿತ್ತು. ಹನಿಯಾ ಬಿಳಿ ಬಟ್ಟೆಯನ್ನೆತ್ತಿಕೊಂಡು ಒಳಗೆ ಹೋದಳು. ಮತ್ತೆ ನೀರಿನ ಸದ್ದು ಶುರುವಾಯಿತು.

ಹಿಂದಿನ ಸಂಜೆ ಹನಿಯಾಳ ಅಕ್ಕ, ಎಲ್ಲರೂ ಗೌರವದಿಂದ ಲಲ್ಲಾ ಎಂದು ಕರೆಯುತ್ತಿದ್ದ ಮಹಜೂಬಾ, ನದಿಯಾಚೆಯ ಹಳ್ಳಿಯಲ್ಲಿ ಪಾಠ ಮುಗಿಸಿ, ಸೇತುವೆಯ ಬಳಿ ವ್ಯಾನಿಗೆ ಕಾಯುತ್ತ ಕಲ್ಲುಕಟ್ಟೆಯ ಮೇಲೆ ಕೂತಿದ್ದರು. ವ್ಯಾನು ಬಂತು, ಜನ ಹತ್ತಿದರು, ಅವರು ಏಳಲಿಲ್ಲ. ಅರವತ್ತೊಂದು ವಯಸ್ಸು. ಮಡಿಲಲ್ಲಿ ಸೀಮೆಸುಣ್ಣದ ಡಬ್ಬಿ ಹಾಗೇ ಇತ್ತಂತೆ.

ಅಂಗಳದಲ್ಲಿ ಹೆಂಗಸರು ಗೋಡೆಗೊರಗಿ ಸಾಲಾಗಿ ಕೂತಿದ್ದರು. ಮಧ್ಯಾಹ್ನದ ನಮಾಜಿಗೆ ಇನ್ನು ಒಂದು ಗಂಟೆ. ಗಂಡಸರು ಆಗ ಒಳಗೆ ಬಂದು ಎತ್ತಿಕೊಂಡು ಹೋಗುತ್ತಾರೆ. ಹೆಂಗಸರು ಹೊಸಿಲಿನವರೆಗೆ ಮಾತ್ರ. ಕ್ಷಮೆ ಕೇಳುವುದಿದ್ದರೆ ದೇಹ ಮಣ್ಣಿನ ಮೇಲಿರುವಾಗಲೇ ಕೇಳಬೇಕು, ಕೆಳಗೆ ಹೋದ ಮೇಲೆ ಅದು ದೇವರ ಲೆಕ್ಕ ಎಂದು ಬತೂಲ್‌ನ ಅಮ್ಮ ಹೇಳುತ್ತಿದ್ದಳು. ಬೆಳಗ್ಗೆ ಸುದ್ದಿ ಬಂದಾಗಿನಿಂದ ಬತೂಲ್‌ನ ತಲೆಯಲ್ಲಿ ಇದೊಂದೇ ಮಾತು. ಮೂರು ವರ್ಷ ಬಾಯಿಗೆ ಬಾರದ್ದನ್ನು ಇನ್ನೊಂದು ಗಂಟೆಯೊಳಗೆ ಹೇಳಬೇಕು.

"ಒಳ್ಳೇದಾಗ್ಲಿ ಅವಳಿಗೆ," ಎನ್ನುತ್ತಿದ್ದಳು ತಾಮೂ. ಸಂತೆ ಬಾಗಿಲಲ್ಲಿ ರೊಟ್ಟಿ ಮಾರುವ ಮುದುಕಿ, ಹಿಂದೆ ಮಹಜೂಬಾರ ತರಗತಿಯಲ್ಲಿ ಎಲ್ಲರಿಗಿಂತ ಹಿರಿಯಳು. "ಆದ್ರೂ ಒಂದ್ಮಾತು. ನಮ್ಮನ್ನ ಬಿಟ್ಟು ಹೋದ್ಲು. ಹನ್ನೊಂದು ಜನ ಪುಸ್ತಕ ಹಿಡ್ಕೊಂಡು ಕಾಯ್ತಾ ಕೂತಿದ್ವಿ, ಬಂದೋಳು ಬೇರೆ ಯಾರೋ. ಬರ್ತೀನಿ ಅನ್ನೋ ಒಂದು ಮಾತೂ ಇಲ್ಲ."

"ಆಚೆ ಕಡೆ ದೊಡ್ಡ ತರಗತಿ ಸಿಕ್ತಂತಲ್ಲ," ಎಂದಳು ಪಕ್ಕದವಳು. "ದೊಡ್ಡೋರಾದ್ಮೇಲೆ ರೊಟ್ಟಿ ಮಾರೋರು ಕಣ್ಣಿಗೆ ಬೀಳ್ತಾರಾ?"

"ನನ್ನ ಮುಂದೇನೇ ದಿನಾ ವ್ಯಾನಿಗೆ ಹೋಗ್ತಿದ್ಲು. ಸಲಾಂ ಅಂತಿದ್ಲು. ನಾನೂ ಮುಖ ತಿರುಗಿಸ್ಕೊಂಡೆ. ಮೂರು ವರ್ಷ."

"ಸಾಕು ಬಿಡು, ಸತ್ತೋರ ಮನೇಲಿ ಇದೆಲ್ಲ."

"ಸತ್ತೋಳ ಮನೇಲೇ ಅಲ್ವೇನೇ ಸತ್ತೋಳ ಮಾತಾಡೋದು? ನಿನ್ನ ಮದುವೇಲಿ ಆಡ್ಲಾ?"

ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ಬತೂಲ್ ಕಂಬಕ್ಕೊರಗಿ ನಿಂತು ಎಲ್ಲ ಕೇಳಿಸಿಕೊಂಡಳು.

*

ತರಗತಿ ನಡೆಯುತ್ತಿದ್ದುದು ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಅಕ್ಷರ ಕಲಿಸುವ ಸಂಘದ್ದು. ಬತೂಲ್ ಅಲ್ಲಿಗೆ ಕಲಿಯಲು ಬಂದವಳಲ್ಲ. ಅಮ್ಮ ಹಾಸಿಗೆ ಹಿಡಿದಾಗ ಹನ್ನೊಂದನೇ ವಯಸ್ಸಿಗೇ ಶಾಲೆ ಬಿಟ್ಟಿದ್ದಳು, ಓದು ಬರುತ್ತಿತ್ತು. ಗುಡಿಸುವುದಕ್ಕೆ, ಚಹಾ ಕಾಯಿಸುವುದಕ್ಕೆ ಸಂಘದವರು ಇಟ್ಟುಕೊಂಡಿದ್ದರು. ಎರಡನೇ ವಾರವೇ ಮಹಜೂಬಾ ಅವಳ ಕೈಗೆ ಸೀಮೆಸುಣ್ಣ ಕೊಟ್ಟರು. "ನಾನು ಹಿಂದಿನ ಸಾಲಿಗೆ ಹೇಳ್ಕೊಡ್ತೀನಿ, ನೀನು ಬೋರ್ಡ್ ಮೇಲೆ ಬರಿ. ಯಾರೂ ನಿನ್ನ ಮುಖ ನೋಡಲ್ಲ, ಅಕ್ಷರ ನೋಡ್ತಾರೆ." ಜನರ ಮುಂದೆ ನಿಂತರೆ ಬತೂಲ್‌ಗೆ ಉಸಿರು ಕಟ್ಟುತ್ತದೆಂದು ಅವರಿಗೆ ಹೇಗೋ ತಿಳಿದುಹೋಗಿತ್ತು.

ಮೂರು ವರ್ಷದ ಹಿಂದೆ ಪೋರ್ಚುಗಲ್ಲಿನಿಂದ ಮೂವರು ಶಿಕ್ಷಕಿಯರು ಬರುತ್ತಾರೆಂದು ಸುದ್ದಿಯಾಯಿತು. ಅವರೂ ದೊಡ್ಡವರಿಗೇ ಅಕ್ಷರ ಕಲಿಸುವವರು. ಅವರು ಒಂದು ವಾರ ಇಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಡುವುದು, ವಸಂತದಲ್ಲಿ ಇಲ್ಲಿಯ ಇಬ್ಬರು ಅಲ್ಲಿಗೆ ಹೋಗಿ ಎರಡು ವಾರ ಕೂತು ನೋಡುವುದು. ಒಂದು ಹೆಸರು ಸಂಘದ ನಿರ್ದೇಶಕರದು, ಊರವರು ಮರ್ಯಾದೆಗೆ 'ಸಿ' ಸೇರಿಸಿ ಕರೆಯುತ್ತಿದ್ದ ಸಿ ಜವಾದರದು. ಇನ್ನೊಂದು, ಹತ್ತೊಂಬತ್ತು ವರ್ಷದಿಂದ ಕಲಿಸುತ್ತಿದ್ದ ಮಹಜೂಬಾರದು.

ಕಾಸಾಬ್ಲಾಂಕಾ ದಾಟಿ ಎಲ್ಲಿಗೂ ಹೋಗದಿದ್ದ ಮಹಜೂಬಾ ಕೆಂಪು ಸೂಟ್‌ಕೇಸು ಕೊಂಡರು. ಅಲ್ಲಿ ಮಳೆಯಂತೆ ಎಂದು ಕೋಟು ಕೊಂಡರು. ಆಮೇಲೆ ಒಂದು ನೋಟ್‌ಬುಕ್ಕಿಗೆ ಹೊದಿಕೆ ಹಾಕಿ, ಅಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಬರೆಯತೊಡಗಿದರು.

"ಕೈ ನಡುಗೋರಿಗೆ ಪೆನ್ಸಿಲ್ ಹಿಡಿಸೋದು ಹೇಗೆ ಅಂತ ಕೇಳ್ತೀನಿ ಬತೂಲ್. ಕನ್ನಡಕ ಇಲ್ಲದೋರಿಗೆ ಏನ್ಮಾಡ್ತಾರೆ ಅಂತ ಕೇಳ್ತೀನಿ. ಅವರಿಗೂ ಇಂಥ ಮುದುಕಿಯರೇ ಇರ್ತಾರಲ್ಲ, ನಮಗಿಂತ ಚೆನ್ನಾಗಿ ಕಲಿಸ್ತಿರ್ಬೇಕು."

ತರಗತಿಯ ಹೆಂಗಸರಿಗೆ ಮಾತ್ರ ನಿದ್ದೆ ಹಾರಿತ್ತು. ಬರುವವರು ತಪಾಸಣೆಯವರು, ಓದು ಬರದಿದ್ದರೆ ತರಗತಿ ಮುಚ್ಚಿಸುತ್ತಾರೆ, ಮಹಜೂಬಾರ ಪ್ರಯಾಣವೂ ನಿಲ್ಲುತ್ತದೆ ಎಂದು ಯಾರೋ ಹೇಳಿದರು. ಹಾಗಲ್ಲ ಎನ್ನಲು ಬತೂಲ್‌ಗೂ ಖಾತ್ರಿಯಿರಲಿಲ್ಲ. ಅವಳೇ ಉಪಾಯ ಮಾಡಿದಳು. ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಮಹಜೂಬಾರಿಗೆ ತಿಳಿಯದಂತೆ, ನಾಲ್ಕು ದಿನ ಹನ್ನೊಂದು ಹೆಂಗಸರನ್ನು ಕೂರಿಸಿ ಪಾಠದ ಪುಸ್ತಕದ ಹದಿನಾಲ್ಕನೇ ಪುಟವನ್ನು ಬಾಯಿಪಾಠ ಮಾಡಿಸಿದಳು. ಅವರಿಗೆ ಅದು ಕಷ್ಟವೇ ಅಲ್ಲ. ಮದುವೆಯ ಹಾಡು, ನಮಾಜಿನ ಸಾಲು, ಎಲ್ಲ ಕಿವಿಯಿಂದಲೇ ಬಂದದ್ದು. ಎಲ್ಲಿ ಉಸಿರು ತೆಗೆಯಬೇಕು, ಬೆರಳು ಯಾವಾಗ ಮುಂದಿನ ಸಾಲಿಗೆ ಇಳಿಯಬೇಕು, ಅದನ್ನೂ ಕಲಿಸಿದಳು.

"ಬೇರೆ ಪುಟ ತೆಗೆದು ಕೊಟ್ರೆ?" ಎಂದು ತಾಮೂ ಕೇಳಿದ್ದಳು.

"ಇದನ್ನೇ ಹೇಳಿ. ನಿಲ್ಲಿಸ್ಬೇಡಿ. ಅವರಿಗೇನು ನಮ್ಮಕ್ಷರ ಬರುತ್ತಾ?"

ಹಾಗೆಯೇ ಆಯಿತು. ತೆರೇಜಾ ಎಂಬ ದಪ್ಪ ಕನ್ನಡಕದ ಶಿಕ್ಷಕಿ ಮೂರನೇ ದಿನ ಹಿಂದಿನ ಬೆಂಚಿನಿಂದ ಎದ್ದು ಬಂದು, ನಗುತ್ತ, ಪುಸ್ತಕದ ಇನ್ಯಾವುದೋ ಪುಟ ತೆಗೆದು ತಾಮೂವಿನ ಮುಂದಿಟ್ಟಳು. ಪುಟದಲ್ಲಿ ಔಷಧದ ಶೀಷೆಯ ಚಿತ್ರವಿತ್ತು. ತಾಮೂ ಪುಟವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ತಲೆಯೆತ್ತಿ ಬತೂಲ್‌ನ ಮುಖ ನೋಡಿದಳು. ಬತೂಲ್ ಹೂಂ ಎಂದು ತಲೆಯಾಡಿಸಿದಳು.

ತಾಮೂ ಬೆರಳಿಟ್ಟು ಶುರುಮಾಡಿದಳು. "ಫಾತ್ನಾ ಸಂತೆಗೆ ಹೋದಳು. ಫಾತ್ನಾ ಟೊಮೆಟೊ ಕೊಂಡಳು. ಟೊಮೆಟೊ ಕೆಂಪಗಿತ್ತು..."

ಎಲ್ಲೂ ತಡವರಿಸಲಿಲ್ಲ. ಮೂವರು ಶಿಕ್ಷಕಿಯರೂ ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ಫೋನು ನೋಡುತ್ತ ನಿಂತಿದ್ದ ಸಿ ಜವಾದರೂ ತಟ್ಟಿದರು. ಮಹಜೂಬಾ ತಾಮೂವಿನ ಹಿಂದೆಯೇ ನಿಂತಿದ್ದರು. ಅವರ ಕಣ್ಣು ಪುಟದ ಮೇಲಿತ್ತು, ಅಲ್ಲಿಂದ ಬತೂಲ್‌ನತ್ತ ತಿರುಗಿತು.

ವಾರದ ಕೊನೆಗೆ ಕಚೇರಿಯಲ್ಲಿ ಬೀಳ್ಕೊಡುಗೆ. ಬತೂಲ್ ಪುದೀನ ಚಹಾದ ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದಳು. ನಿಮ್ಮ ವಿದ್ಯಾರ್ಥಿಗಳು ಎಷ್ಟು ಚೆನ್ನಾಗಿ ಓದುತ್ತಾರೆ, ನಾವೇ ನಿಮ್ಮಿಂದ ಕಲಿಯಬೇಕು ಎಂದಳು ತೆರೇಜಾ. ಮಹಜೂಬಾ ಎದ್ದು ನಿಂತರು. ಶಾಲೆಯಲ್ಲಿ ಕಲಿತ ಹಳೆಯ ಫ್ರೆಂಚಿನಲ್ಲಿ, ಬತೂಲ್‌ಗೂ ತಿಳಿಯುವಷ್ಟು ನಿಧಾನವಾಗಿ, ನಡುವೆ ಯಾರ ಸಹಾಯವನ್ನೂ ಕೇಳದೆ, ಹೇಳಿದರು: "ಅವರು ಓದಲಿಲ್ಲ. ಬಾಯಿಪಾಠ ಒಪ್ಪಿಸಿದರು. ಕಲಿಸಿದವಳು ನಾನು. ತಪ್ಪು ನನ್ನದು. ಹತ್ತೊಂಬತ್ತು ವರ್ಷವಾದರೂ ನನಗೆ ಕಲಿಸಲು ಬಂದಿಲ್ಲ. ಅದಕ್ಕೇ ನಿಮ್ಮೂರಿಗೆ ಬರಬೇಕು ಅಂತ ನನ್ನಾಸೆ."

ಬತೂಲ್‌ನ ಕೈಯಲ್ಲಿ ಗ್ಲಾಸುಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಸಿ ಜವಾದರ ಮುಖ ಸುಣ್ಣದಂತಾಗಿತ್ತು. ಬಾಗಿಲು ದಾಟುವಾಗ ಮಹಜೂಬಾ ಬತೂಲ್‌ನ ಪಕ್ಕ ಒಂದು ಕ್ಷಣ ನಿಂತರು.

"ತಟ್ಟೆ ಎರಡು ಕೈಯಲ್ಲೂ ಹಿಡ್ಕೋ ಮಗಳೆ," ಎಂದರು. ಅಷ್ಟೆ.

ವಸಂತದಲ್ಲಿ ಪೋರ್ಚುಗಲ್ಲಿಗೆ ಹೋದವರು ಸಿ ಜವಾದ್ ಮತ್ತು ಕಚೇರಿಯಲ್ಲಿ ಟೈಪು ಮಾಡುತ್ತಿದ್ದ ಅವರ ತಂಗಿಯ ಮಗಳು. ಅದಕ್ಕೂ ಮೊದಲೇ ಮಹಜೂಬಾರನ್ನು ನದಿಯಾಚೆಯ ಹಳ್ಳಿಗೆ ಹಾಕಿದ್ದರು. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. "ಸತ್ಯ ಹೇಳೋರಿಗೆ ಆಚೆ ದಡದ ಗಾಳಿ ಒಳ್ಳೇದು," ಎಂದು ಸಿ ಜವಾದ್ ಯಾರೊಡನೆಯೋ ಫೋನಿನಲ್ಲಿ ನಕ್ಕಿದ್ದನ್ನು ಬತೂಲ್ ಕಸ ಗುಡಿಸುತ್ತ ಕೇಳಿದ್ದಳು. ತರಗತಿಯ ಹೆಂಗಸರು ಮಹಜೂಬಾರಿಗೆ ಸೊಕ್ಕು ಬಂತೆಂದು ಆಡಿಕೊಂಡಾಗಲೂ ಅವಳು ಗುಡಿಸುತ್ತಲೇ ಇದ್ದಳು.

*

ಕಫನ್ ತೊಡಿಸಿ ಮುಗಿಯಿತು. ನಡುಮನೆಯಲ್ಲಿ ಹಲಗೆಯ ಮೇಲೆ ಮಲಗಿಸಿದರು. ಮುಖ ಮಾತ್ರ ತೆರೆದಿತ್ತು. ಹೆಂಗಸರು ಒಬ್ಬೊಬ್ಬರಾಗಿ ಬಗ್ಗಿ ಹಣೆಗೆ ಮುತ್ತಿಟ್ಟು ಬಂದರು. ಬತೂಲ್ ಎಲ್ಲರಿಗೂ ದಾರಿ ಬಿಡುತ್ತ ಬಿಡುತ್ತ ಕೊನೆಯವಳಾದಳು.

ಬಗ್ಗಿದಳು. ಮುಖ ಸಣ್ಣದಾಗಿತ್ತು. ಕಿವಿಯ ಪಕ್ಕ ಬಾಯಿ ತಂದಳು. "ಲಲ್ಲಾ," ಎಂದಳು. ಮುಂದಿನ ಮಾತಿಗೆ ಮೊದಲು ಕಣ್ಣು ತುಂಬಿ ಬಂತು.

"ಏಯ್, ಮೇಲೆ ಬೀಳಿಸ್ಬೇಡ!" ಮೈ ತೊಳೆದ ಹೆಂಗಸು ಅವಳ ತೋಳು ಹಿಡಿದು ಎಳೆದಳು. "ಕಣ್ಣೀರು ತಾಗಿದ್ರೆ ಅವರಿಗೆ ಉರಿಯುತ್ತೆ. ಮುಖ ಒರೆಸ್ಕೊಂಡು ಬಾ, ಹೋಗು."

ಒರೆಸಿಕೊಂಡು ಬರುವುದರೊಳಗೆ ಮಸೀದಿಯ ಕೂಗು ಕೇಳಿಸಿತು. ಮುಖದ ಮೇಲೆ ಬಟ್ಟೆ ಮುಚ್ಚಿದರು. ಬಾಗಿಲಲ್ಲಿ ಗಂಡಸರ ಚಪ್ಪಲಿ ಸದ್ದು. ಇಮಾಮರು ಬಂದರು, ನಾಲ್ವರು ಹೊರುವವರು ಬಂದರು, ಅವರ ಹಿಂದೆ ಬೂದು ಕೋಟು ತೊಟ್ಟ ಸಿ ಜವಾದ್.

"ನಮ್ಮ ಸಂಘದ ಕಣ್ಣಿನಂತಿದ್ರು," ಎಂದರು ಸಿ ಜವಾದ್, ಹನಿಯಾಳಿಗೆ ಹೇಳಿದರೂ ಎಲ್ಲರಿಗೂ ಕೇಳುವ ಹಾಗೆ. "ಪೋರ್ಚುಗಲ್ಲಿನಿಂದ್ಲೂ ಸಂತಾಪ ಬಂದಿದೆ. ಅಲ್ಲಿಯವರೆಗೂ ಇವರ ಹೆಸರಿತ್ತು."

"ಹೆಸರು ಹೋಯ್ತು, ಅವಳು ಹೋಗಲಿಲ್ಲ," ಎಂದಳು ಹನಿಯಾ. ಅವಳಿಗೆ ವಿಷಯ ಗೊತ್ತಿರಲಿಲ್ಲ, ಆ ಹೊಸ ಸೂಟ್‌ಕೇಸು ನೆನೆದು ಸುಮ್ಮನೆ ಬಂದ ಮಾತು. ಸಿ ಜವಾದ್ ಕತ್ತುಪಟ್ಟಿ ಸರಿಮಾಡಿಕೊಂಡರು.

ಹಲಗೆಯನ್ನು ಅಂಗಳಕ್ಕೆ ತಂದು ಒಂದು ಗಳಿಗೆ ಕೆಳಗಿಟ್ಟರು. ಇಮಾಮರು ವಾಡಿಕೆಯಂತೆ ಕೇಳಿದರು: "ಇವರಿಂದ ಯಾರಿಗಾದರೂ ನೋವಾಗಿದ್ದರೆ ಈಗಲೇ ಹೇಳಿ. ಕ್ಷಮಿಸಿ ಕಳಿಸಿಕೊಡಿ."

"ಕ್ಷಮಿಸಿದೀವಿ, ದೇವರು ಕ್ಷಮಿಸ್ಲಿ," ಎಂದರು ಹೆಂಗಸರೆಲ್ಲ.

"ನಾನೂ ಕ್ಷಮಿಸಿದೀನಿ," ಎಂದಳು ತಾಮೂ ಎಲ್ಲರಿಗಿಂತ ಆಮೇಲೆ. "ನಮ್ಮನ್ನ ಬಿಟ್ಟು ಹೋಗಿದ್ದನ್ನ ಕ್ಷಮಿಸಿದೀನಿ, ಹೋಗ್ಬಾ ಮಹಜೂಬಾ."

ಹೊರುವವರು ಬಗ್ಗಿದರು.

"ಬಿಟ್ಟು ಹೋಗ್ಲಿಲ್ಲ!"

ಯಾರು ಕೂಗಿದ್ದೆಂದು ಬತೂಲ್ ತಾನೇ ಸುತ್ತ ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳ ಉಸಿರು ಕಟ್ಟಿತು. ಕಂಬವನ್ನು ಹಿಡಿದುಕೊಂಡಳು.

"ಅವರು ಬಿಟ್ಟು ಹೋಗ್ಲಿಲ್ಲ ತಾಮೂ ಅಜ್ಜಿ. ಕಳಿಸಿದ್ರು. ನನ್ನಿಂದಾಗಿ ಕಳಿಸಿದ್ರು."

"ಮಗಳೆ," ಎಂದರು ಸಿ ಜವಾದ್ ತಗ್ಗಿದ ದನಿಯಲ್ಲಿ, "ಇದು ಅದಕ್ಕೆಲ್ಲ ಜಾಗ ಅಲ್ಲ."

"ಮಾತಾಡ್ಲಿ ಬಿಡಿ," ಎಂದಳು ಹನಿಯಾ. "ಇದು ನನ್ನಂಗಳ."

ಬತೂಲ್ ಹೇಳಿದಳು. ತಲೆ ಎತ್ತಲಿಲ್ಲ, ಹಲಗೆಯ ಅಂಚು ನೋಡುತ್ತ ಹೇಳಿದಳು. ದರ್ಜಿ ಅಂಗಡಿಯ ಹಿಂದಿನ ಕೋಣೆ, ಹದಿನಾಲ್ಕನೇ ಪುಟ, ಕಚೇರಿಯ ಚಹಾ, ತಪ್ಪು ನನ್ನದು ಎಂದ ಮಾತು, ಯಾರು ಹೋದರು, ಯಾರು ಆಚೆ ದಡಕ್ಕೆ ಬಿದ್ದರು, ಎಲ್ಲ. ಮಾತು ನಡುನಡುವೆ ನಿಲ್ಲುತ್ತಿತ್ತು, ಮತ್ತೆ ಹಿಂದಕ್ಕೆ ಹೋಗಿ ಶುರುವಾಗುತ್ತಿತ್ತು. ಹೊರುವವರು ಬೆನ್ನು ನೆಟ್ಟಗೆ ಮಾಡಿ ನಿಂತರು. ಸಿ ಜವಾದ್ ಗಡಿಯಾರ ನೋಡಿಕೊಂಡು, ನಮಾಜಿಗೆ ಹೊತ್ತಾಯಿತೆಂದು ಯಾರಿಗೆಂದಿಲ್ಲದೆ ಹೇಳಿ, ಹೊಸಿಲು ದಾಟಿ ಹೊರಗೆ ಹೋದರು.

"ನನ್ನ ಹೆಸರು ಒಂದ್ಸಲ ಹೇಳಿದ್ರೆ ಸಾಕಿತ್ತು ಅವರಿಗೆ," ಎಂದಳು ಬತೂಲ್. "ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಆಗ ತಾಮೂ ಗೋಡೆ ಹಿಡಿದು ಎದ್ದು ನಿಂತಳು.

"ಓದ್ಲಿಲ್ಲ ಅಂದ್ಲಾ? ನಾನು ಓದ್ಲಿಲ್ಲ ಅಂತ ಅವರ ಮುಂದೆ ಹೇಳಿದ್ಲಾ?"

"ಹೂಂ ಅಜ್ಜಿ."

"ಆ ಪುಟದಲ್ಲಿ ಶೀಷೆ ಇತ್ತು," ಎಂದಳು ತಾಮೂ. "ಊಟ ಆದ ಮೇಲೆ ಎರಡು ಚಮಚ. ಚೆನ್ನಾಗಿ ಕುಲುಕಿ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಹಾಗಿತ್ತು ತಾನೆ?"

ಬತೂಲ್ ತಲೆಯೆತ್ತಿದಳು. ಹಾಗೆಯೇ ಇತ್ತು.

"ಕಣ್ಣು ಅದನ್ನ ಓದ್ತಿತ್ತು, ಬಾಯಿ ಫಾತ್ನಾ ಟೊಮೆಟೊ ಅಂತಿತ್ತು. ನಿನ್ನ ಮುಖ ನೋಡ್ದೆ. ನೀನು ಹೂಂ ಅಂದೆ. ನಿಲ್ಲಿಸ್ಬೇಡಿ ಅಂದಿದ್ಯಲ್ಲ. ಇದನ್ನ ಓದಿದ್ರೆ ತಡವರಿಸ್ತೀನಿ, ಅವಳಿಗೆ ಅವಮಾನ ಆಗುತ್ತೆ ಅಂತ..." ಅವಳು ಕೆನ್ನೆ ಒರೆಸಿಕೊಳ್ಳಲಿಲ್ಲ. "ಆ ಚಳಿಗಾಲದಲ್ಲೇ ನಂಗೆ ಅಕ್ಷರ ಕೂಡಿ ಬಂದಿತ್ತು. ಇನ್ನೊಂದು ಸ್ವಲ್ಪ ಸಲೀಸಾಗ್ಲಿ, ಆಮೇಲೆ ಹೇಳೋಣ ಅಂತಿದ್ದೆ."

"ಅಕ್ಕನಿಗೆ ಗೊತ್ತಾಯ್ತಾ?" ಹನಿಯಾ ಕೇಳಿದಳು. "ನಿಂಗೆ ಓದೋಕೆ ಬರುತ್ತೆ ಅಂತ ಅವಳಿಗೆ ಗೊತ್ತಾಯ್ತಾ?"

ತಾಮೂ ಮೂರು ವರ್ಷ ಯಾವ ಕಡೆಗೆ ತಿರುಗಿಸಿಕೊಂಡಿದ್ದಳೋ ಆ ಕಡೆಗೇ ಮುಖ ತಿರುಗಿಸಿದಳು.

"ಚಿಕ್ಕಮ್ಮ," ಎಂದಳು ಬತೂಲ್ ಹನಿಯಾಳ ಕೈ ಹಿಡಿದು. "ಅವರ ಬದಲು ನೀವಾದ್ರೂ ಕ್ಷಮಿಸಿದೀನಿ ಅನ್ನಿ."

ಹನಿಯಾ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. "ಅದು ನಂದಲ್ಲ ಮಗಳೆ. ನಂದಲ್ಲದ್ದನ್ನ ಹೇಗೆ ಕೊಡ್ಲಿ?"

ಇಮಾಮರು ಮೆಲ್ಲನೆ ತಲೆಯಾಡಿಸಿದರು. ಹೊರುವವರು ಬಗ್ಗಿದರು. ಹಲಗೆ ಮೇಲೆದ್ದಿತು, ಬಾಗಿಲಲ್ಲಿ ಒಮ್ಮೆ ಓರೆಯಾಗಿ, ಬೀದಿಗಿಳಿಯಿತು. ಹೆಂಗಸರು ಹೊಸಿಲಿನ ಒಳಗೆ ಒತ್ತೊತ್ತಾಗಿ ನಿಂತು ಬೀದಿ ಖಾಲಿಯಾಗುವವರೆಗೂ ನೋಡಿದರು.

ಮೂರು ದಿನ ಆ ಮನೆಯಲ್ಲಿ ಒಲೆ ಉರಿಯುವಂತಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯವರು ಗೋಧಿ ರವೆಯ ಕುಸ್ಕುಸ್ ತುಂಬಿದ ದೊಡ್ಡ ತಟ್ಟೆ ಹೊತ್ತು ತಂದರು. ಬತೂಲ್ ಉಣ್ಣಲಿಲ್ಲ. ಒಳಕೋಣೆಗೆ ಹೋಗಿ ಸೂಟ್‌ಕೇಸು ಮುಚ್ಚಿಡಲು ಕೂತಳು. ಬಾಗಿಲಿಗೆ ಬಂದ ಹನಿಯಾ ಬಗ್ಗಿ ನೋಟ್‌ಬುಕ್ಕನ್ನು ಎತ್ತಿ ಅವಳ ಮಡಿಲಿಗೆ ಹಾಕಿದಳು.

"ಏನು ಬರೆದಿದಾಳೋ ನೋಡು. ಊರಿಗೆಲ್ಲ ಕಲಿಸಿದ್ಲು, ನಂಗೊಬ್ಳಿಗೆ ಬರ್ಲಿಲ್ಲ. ಬಾ ಬಾ ಅಂತ ಕರೆದ್ಲು. ನಾಳೆ ಬರ್ತೀನಿ ಅಂತಿದ್ದೆ."

ಬೋರ್ಡಿನ ಮೇಲೆ ಬರೆಯುವಂಥ ದೊಡ್ಡ, ಬಿಡಿ ಅಕ್ಷರಗಳು. ಒಂದು ಸಾಲಿಗೆ ಒಂದು ಪ್ರಶ್ನೆ. ಕೈ ನಡುಗುವವರು, ಕನ್ನಡಕ ಇಲ್ಲದವರು, ಬಟ್ಟೆ ಒಗೆದು ದಣಿದು ಬಂದು ತೂಕಡಿಸುವವರು. ಬತೂಲ್ ಹಾಳೆ ತಿರುವುತ್ತ ಕೊನೆಯ ಪ್ರಶ್ನೆಗೆ ಬಂದಳು. ಅದರ ತಾರೀಕು ಕಚೇರಿಯ ಬೀಳ್ಕೊಡುಗೆಯ ಮಾರನೆಯ ದಿನದ್ದು. ಅವಳು ಓದಿದಳು. ಇನ್ನೊಮ್ಮೆ ಓದಿದಳು.

ಎದ್ದು ಅಂಗಳಕ್ಕೆ ಹೋದಳು. ತಾಮೂ ಗೋಡೆಯ ಬಳಿ ಒಬ್ಬಳೇ ಕೂತಿದ್ದಳು. ಬತೂಲ್ ನೋಟ್‌ಬುಕ್ಕನ್ನು ತೆರೆದ ಹಾಗೇ ಅವಳ ಮುಂದೆ ನೆಲದ ಮೇಲಿಟ್ಟು ಎದುರಿಗೆ ಕೂತಳು.

ತಾಮೂ ಹಾಳೆಯನ್ನು ತುಂಬ ಹೊತ್ತು ನೋಡಿದಳು. ಬತೂಲ್‌ನ ಮುಖ ನೋಡಲಿಲ್ಲ. ಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡು, ಸಾಲು ಶುರುವಾಗುವ ಬಲಗಡೆಯ ಮೊದಲ ಅಕ್ಷರದ ಕೆಳಗಿಟ್ಟಳು.

"ತಾ... ಮೂ," ಎಂದಳು. "ಇದು ನಾನೇ."

ಬೆರಳು ಮುಂದಕ್ಕೆ ಸರಿಯಿತು.

"ತಾಮೂ... ಬಾಯಿ... ಪಾಠ... ಒಪ್ಪಿಸಿದಳು. ಅವಳಿಗೆ... ನಾಚಿಕೆ... ಆಗದ ಹಾಗೆ..."

ಅಲ್ಲಿ ನಿಂತಳು. ಮುಂದಿನದು ಉದ್ದದ ಪದ. ಹನಿಯಾ ಕುಸ್ಕುಸ್‌ನ ಚಮಚ ಹಿಡಿದುಕೊಂಡೇ ಹತ್ತಿರ ಬಂದು ನಿಂತಿದ್ದಳು. ಹೇಳಿಕೊಡಲು ಬತೂಲ್‌ನ ತುಟಿ ತಾನಾಗಿ ಅಲ್ಲಾಡಿತು. ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ತಾಮೂ ಬೆರಳನ್ನು ಎತ್ತದೆ, ಎಳೆದುಕೊಂಡು ಬಂದು, ಮೊದಲಿನಿಂದ ಓದಲೆಂದು ಮತ್ತೆ ತನ್ನ ಹೆಸರಿನ ಕೆಳಗೆ ನಿಲ್ಲಿಸಿದಳು.